ಅಜ್ಜಿ ಕಲಸಿಟ್ಟದ್ದು

ನಮ್ಮ ಮನೆಯಲ್ಲಿ ಒಂದು ವಿಷಯವನ್ನು ಮೊದಲಿಂದ ಕೊನೆಯವರೆಗೆ ನೇರವಾಗಿ ಹೇಳಲು ಬರುತ್ತಿದ್ದುದು ದೊಡ್ಡಪ್ಪನೊಬ್ಬನಿಗೇ. ಶ್ರೀರಂಗಪಟ್ಟಣದ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದ ಅವನು ಶನಿವಾರ ಸಂಜೆಯ ಬಸ್ಸಿಗೆ ಊರಿಗೆ ಬರುತ್ತಿದ್ದ. ಬಂದವನು ಅಂಗಿ ಬಿಚ್ಚಿ ಗೂಟಕ್ಕೆ ಹಾಕುವ ಮೊದಲೇ ಮನೆ ಜೋಡಿಸಲು ಶುರು ಮಾಡುತ್ತಿದ್ದ. ಕುಡುಗೋಲುಗಳು ಉದ್ದದ ಪ್ರಕಾರ ಸೂರಿನಲ್ಲಿ ಸಿಕ್ಕಿಸಿರಬೇಕು. ಹುರುಳಿಯ ಮಡಕೆ, ಅವರೆಯ ಮಡಕೆ, ಅಲಸಂದೆಯ ಮಡಕೆ, ಒಂದೊಂದರ ಹೊಟ್ಟೆಯ ಮೇಲೂ ಸುಣ್ಣದಲ್ಲಿ ಅದರ ಹೆಸರು. ನನ್ನನ್ನೂ ನನ್ನ ಓರಗೆಯ ರತ್ನಳನ್ನೂ ಎದುರಿಗೆ ಕೂರಿಸಿಕೊಂಡು ವಾರದ ಸಮಾಚಾರ ಕೇಳುವಾಗ ಒಂದೊಂದೇ ಬೆರಳು ಮಡಿಸುತ್ತಿದ್ದ.

"ಮೊದಲನೇದು ಏನು? ಎರಡನೇದು ಏನು? ಒಂದರೊಳಗೊಂದು ಸೇರಿಸಬಾರ್ದು. ಬಿಡಿಸಿ ಹೇಳ್ಬೇಕು."

ಅವನು ಸೋಮವಾರ ಬೆಳಿಗ್ಗೆ ಬಸ್ಸು ಹತ್ತಿದ್ದೇ ತಡ, ಅಜ್ಜಿ ಮನೆಯನ್ನು ಮತ್ತೆ ಕಲಸುತ್ತಿದ್ದಳು. ಹಟಕ್ಕೆ ಬಿದ್ದು ಮಾಡುತ್ತಿದ್ದಳು ಅಂತಲ್ಲ, ಅವಳ ಕೈ ಇರುತ್ತಿದ್ದುದೇ ಹಾಗೆ. ಬುಧವಾರದ ಹೊತ್ತಿಗೆ ಹುರುಳಿಯ ಮಡಕೆಯಲ್ಲಿ ಅವರೆ, ಅವರೆಯ ಮಡಕೆಯಲ್ಲಿ ಹತ್ತಿಬೀಜ, ಅಲಸಂದೆಯ ಮಡಕೆಯೊಳಗೆ ಕೋಳಿ ಮೊಟ್ಟೆ. ನಾನೊಮ್ಮೆ ಹೊಸದಾಗಿ ಅಕ್ಷರ ಕಲಿತ ಜಂಬದಲ್ಲಿ ಇದನ್ನು ಎತ್ತಿ ಆಡಿದೆ.

"ಉಳ್ಳಿ ಅಂತ ಬರ್ದಿದ್ರೆ ಅವರೆ ಆಕ್ಬಾರ್ದಾ? ಮಡಕೆ ಏನು ಓದ್ಕಂಡದಾ?" ಎಂದಳು.

ಮಾತಿನಲ್ಲೂ ಅಷ್ಟೇ. ಕುಡುಗೋಲು ಎಲ್ಲಿದೆ ಅಜ್ಜಿ ಎಂದರೆ ನಾಗಮಂಗಲದ ಕಡೆಯ ಯಾವುದೋ ನೆಂಟರ ಮನೆಯ ಹಸುವಿನಿಂದ ಆರಂಭ. ಆ ಹಸುವಿಗೆ ಕಾಲು ನೋವಾಗಿ, ಅದಕ್ಕೆ ಸೊಪ್ಪು ಕಟ್ಟಿದವನ ಹೆಂಡತಿ ಇವಳ ಓರಗೆಯವಳಾಗಿ, ಅವಳಿಗೆ ಸೀರೆ ತರಲು ಹೋದಾಗ ಮಳೆ ಬಂದು, ಕೇಳಿದವರು ತಾವು ಏನು ಕೇಳಿದ್ದೆವೆಂಬುದನ್ನೇ ಮರೆತು ಕೂತು ಕೇಳುತ್ತಿದ್ದರು. ಕುಡುಗೋಲು ಅಷ್ಟು ಹೊತ್ತೂ ಅವಳ ಸೊಂಟದಲ್ಲೇ ಇರುತ್ತಿತ್ತು. ವಿವರಿಸು, ವಿಂಗಡಿಸು, ಬಿಡಿಸು, ತಿಳಿಯಪಡಿಸು: ಟೀಚರಾಗಿ ಮೂವತ್ತು ವರ್ಷಕ್ಕೂ ಮೇಲೆ ನಾನು ಕರಿಹಲಗೆಯ ಮೇಲೆ ಬರೆದ ಪದಗಳಿವು. ಇವುಗಳ ವಿರುದ್ಧ ಪದ ಬರೆಯಿರಿ ಎಂದು ಮಕ್ಕಳಿಗೆ ಹೇಳಿ, ಅವರು ಕಲಸು, ಸಿಕ್ಕಾಗಿಸು, ಗೊಂದಲಗೊಳಿಸು, ಮರೆಸು ಎಂದು ತಲೆ ಬಗ್ಗಿಸಿ ಬರೆಯುತ್ತಿದ್ದಾಗಲೆಲ್ಲ ನನಗೆ ಕಣ್ಣಮುಂದೆ ಅಜ್ಜಿಯೇ ನಿಲ್ಲುತ್ತಿದ್ದಳು. ಆ ಪದಗಳನ್ನು ತಪ್ಪಿನ ಪಟ್ಟಿಗೆ ಸೇರಿಸಲು ನನ್ನಿಂದ ಯಾವತ್ತೂ ಆಗಲಿಲ್ಲ.

ಕೆಂಪಮ್ಮಜ್ಜಿ ನಮ್ಮ ಅವ್ವನ ತಾಯಿ, ಕೆ.ಆರ್.ಪೇಟೆ ಕಡೆಯ ಹಳ್ಳಿಯವಳು. ಮಗಳನ್ನು ಕೊಟ್ಟ ಮನೆಯಲ್ಲಿ ಒಂದು ಹೊತ್ತು ಉಂಡರೂ ಮಾತು ಬರುವ ಕಾಲದಲ್ಲಿ, ತೊಣ್ಣೂರು ಕೆರೆಯಾಚೆಗಿನ ನಮ್ಮ ಊರಿಗೆ ಎರಡು ಕಂಕುಳಲ್ಲಿ ಎರಡು ಕೂಸುಗಳನ್ನು ಎತ್ತಿಕೊಂಡು ಬಂದವಳು ಅಲ್ಲೇ ಉಳಿದುಬಿಟ್ಟಳು. ಅದರ ಕಥೆ ಹೀಗೆ. ಅವಳಿಗೆ ಇಬ್ಬರು ಹೆಣ್ಣುಮಕ್ಕಳು, ಗೌರಮ್ಮ ಮತ್ತು ನಿಂಗಮ್ಮ. ಅಕ್ಕನನ್ನು ನಮ್ಮ ಮನೆಯ ಅಣ್ಣನಾದ ದೊಡ್ಡಪ್ಪನಿಗೂ ತಂಗಿಯನ್ನು ಅವನ ತಮ್ಮನಿಗೂ ಕೊಟ್ಟಿದ್ದಳು. ಇಬ್ಬರೂ ಒಟ್ಟಿಗೇ ಬಸುರಾದರು. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು, ಹಾಗಾಗಿ ಇಬ್ಬರೂ ತಾಯಿಮನೆಗೆ ಹೋದರು. ಅಜ್ಜಿಯೇ ಆ ಸುತ್ತಿನ ಸೂಲಗಿತ್ತಿ. ತನ್ನ ಇಬ್ಬರು ಮಕ್ಕಳ ಹೆರಿಗೆಯನ್ನೂ ತಾನೇ ಮಾಡಿಸಿದಳು. ಎರಡು ದಿನದ ಅಂತರದಲ್ಲಿ ಎರಡು ಹೆಣ್ಣು ಕೂಸು ಹುಟ್ಟಿದವು. ಗೌರಮ್ಮ ಉಳಿಯಲಿಲ್ಲ. ಆ ಕೂಸುಗಳೇ ನಾನು ಮತ್ತು ರತ್ನ. ಅಕ್ಕತಂಗಿಯರಿಗೆ ಅಣ್ಣತಮ್ಮಂದಿರಿಂದ ಹುಟ್ಟಿದ ನಮಗೆ ಎರಡೂ ಕಡೆಯಿಂದ ಒಂದೇ ಮೂಗು, ಒಂದೇ ಹಣೆ. ನಮ್ಮಲ್ಲಿ ಸತ್ತವಳ ಮಗು ಯಾರು, ಬದುಕಿದವಳ ಮಗು ಯಾರು ಎಂಬುದು ಮನೆಯಲ್ಲಿ ಯಾರಿಗೂ ತಿಳಿದಿರಲಿಲ್ಲ, ಅಥವಾ ತಿಳಿದಿದ್ದವಳು ಹೇಳುತ್ತಿರಲಿಲ್ಲ.

ಹೊರಗಿನವರಿಗೆ ಇದು ವಿಚಿತ್ರವಾಗಿ ಕಾಣಬಹುದು. ನಮಗೆ ಅದು ಸೂರ್ಯ ಮೂಡಣದಲ್ಲಿ ಹುಟ್ಟುವಷ್ಟು ಸಹಜವಾಗಿತ್ತು. ನಾವಿಬ್ಬರೂ ನಿಂಗಮ್ಮನನ್ನು ಅವ್ವ ಎನ್ನುತ್ತಿದ್ದೆವು, ಅವಳ ಗಂಡನನ್ನು ಅಪ್ಪ ಎನ್ನುತ್ತಿದ್ದೆವು, ದೊಡ್ಡಪ್ಪನನ್ನು ದೊಡ್ಡಪ್ಪ ಎನ್ನುತ್ತಿದ್ದೆವು. ಶಾಲೆಗೆ ಸೇರಿಸುವಾಗ ಮೇಷ್ಟರು ಅವಳಿ ಎಂದು ಬರೆದುಕೊಂಡರು. ಒಂದೇ ತಟ್ಟೆಯಲ್ಲಿ ಮುದ್ದೆ, ಒಂದೇ ತಾನಿನಲ್ಲಿ ಲಂಗ. ಪಿತೃಪಕ್ಷದಲ್ಲಿ ಗೌರಮ್ಮ ದೊಡ್ಡವ್ವನ ಹೆಸರಿನಲ್ಲಿ ಕಳಸದ ಮುಂದೆ ಹಸಿರು ಸೀರೆಯಿಟ್ಟು ಎಡೆ ಹಾಕಿದಾಗ ಇಬ್ಬರೂ ಅಡ್ಡಬೀಳುತ್ತಿದ್ದೆವು. ಎದ್ದ ಮೇಲೆ ರತ್ನ ನನ್ನ ಕಿವಿಯಲ್ಲಿ "ನಿಮ್ಮವ್ವ ಇರ್ಬೇಕು" ಎನ್ನುತ್ತಿದ್ದಳು, ನಾನು "ನಿಮ್ಮವ್ವ" ಎನ್ನುತ್ತಿದ್ದೆ, ಇಬ್ಬರಿಗೂ ನಗು. ಅವ್ವ ಮಾತ್ರ ಆ ದಿನ ನಮ್ಮಿಬ್ಬರಿಗೂ ತುತ್ತು ಮಾಡಿ ತಿನ್ನಿಸುತ್ತಿದ್ದಳು, ಒಬ್ಬಳಿಗೆ ಒಂದು, ಇನ್ನೊಬ್ಬಳಿಗೆ ಒಂದು, ಹೆಚ್ಚಿಲ್ಲ ಕಡಿಮೆಯಿಲ್ಲ.

ನಮಗೆ ಒಂಬತ್ತು ತುಂಬಿದ ವರ್ಷ ದೊಡ್ಡಪ್ಪ ಮತ್ತೆ ಮದುವೆಯಾಗಲು ಒಪ್ಪಿದ. ಪಾಲಹಳ್ಳಿಯಲ್ಲಿ ನಾಲೆಯ ಹತ್ತಿರ ಬೇರೆ ಮನೆ ಮಾಡುವುದೆಂದಾಯಿತು. ಅದರಲ್ಲಿ ಯಾರಿಗೂ ತಕರಾರಿರಲಿಲ್ಲ, ಒಂಬತ್ತು ವರ್ಷ ಒಂಟಿಯಾಗಿ ಬದುಕಿದ ಮನುಷ್ಯ. ಆದರೆ ಒಂದು ಭಾನುವಾರ ಊಟಕ್ಕೆ ಕೂತಾಗ ಅವನು ನಮ್ಮಿಬ್ಬರನ್ನೂ ನೋಡಿ, ಆಮೇಲೆ ಅಪ್ಪನನ್ನು ನೋಡಿ ಹೇಳಿದ:

"ನನ್ ಮಗಳನ್ನ ನಾನು ಕರ್ಕಂಡು ಹೋಗ್ತೀನಿ. ಯಾವುದು ಅಂತ ಅತ್ತೆ ಹೇಳ್ಲಿ."

ಅವ್ವನ ಕೈಯಲ್ಲಿದ್ದ ಸಾರಿನ ಸೌಟು ಅಲ್ಲೇ ನಿಂತಿತು. ನಾನು ಬೆದರಿಹೋದೆ. ಬೆದರಿದ್ದು ಪಾಲಹಳ್ಳಿಗಲ್ಲ, ದೊಡ್ಡಪ್ಪನ ಕೈಹಿಡಿದು ಬರುವ ಹೊಸ ಚಿಕ್ಕವ್ವನಿಗೂ ಅಲ್ಲ. ನಮ್ಮಿಬ್ಬರಲ್ಲಿ ಒಬ್ಬಳು ಹೋಗಬೇಕು, ಒಬ್ಬಳು ಉಳಿಯಬೇಕು, ಮತ್ತು ಆ ಕ್ಷಣದಿಂದ ಅವ್ವ ಒಬ್ಬಳಿಗೆ ಮಾತ್ರ ಅವ್ವನಾಗುತ್ತಾಳೆ. ಆ ಒಬ್ಬಳು ನಾನೇ ಆಗಲಿ ಎಂದು ಮನಸ್ಸಿನಲ್ಲಿ ಬೇಡಿಕೊಂಡೆ. ರತ್ನಳೂ ಅದನ್ನೇ ಬೇಡಿಕೊಳ್ಳುತ್ತಿದ್ದಾಳೆಂದು ಅವಳ ಮುಖ ನೋಡಿದರೆ ಗೊತ್ತಾಗುತ್ತಿತ್ತು. ಜೀವನದಲ್ಲಿ ಮೊದಲ ಸಲ ನಾವಿಬ್ಬರೂ ಆ ಮಧ್ಯಾಹ್ನ ಒಬ್ಬರ ಮುಖ ಒಬ್ಬರು ನೋಡದೆ ಕಳೆದೆವು.

ಮುಂದಿನ ಭಾನುವಾರ ಊರ ಯಜಮಾನರ ಮುಂದೆ ಮಾತಾಗುವುದೆಂದು ತೀರ್ಮಾನವಾಯಿತು. ಭಾನುವಾರ ಬೆಳಿಗ್ಗೆ ನಾವಿಬ್ಬರೂ ಹಿತ್ತಲ ನುಗ್ಗೆಮರದ ಕೆಳಗೆ ಕೂತು ರಾಜಿಯಾದೆವು. ಬೆನ್ನಿಗೆ ಬೆನ್ನು ಕೊಟ್ಟು ಕೂತು, ಇಬ್ಬರ ಕೂದಲನ್ನೂ ಸೇರಿಸಿ ಒಂದೇ ಜಡೆ ಹಾಕಿ, ದೊಡ್ಡಪ್ಪನೇ ತಂದಿದ್ದ ರಿಬ್ಬನ್ನಿನಲ್ಲಿ ಏಳು ಗಂಟು ಬಿಗಿದೆವು. ಇನ್ನು ನಮ್ಮನ್ನು ಯಾರೂ ಬೇರೆ ಮಾಡಲಾರರು ಎಂಬ ಧೈರ್ಯ. ಅಜ್ಜಿ ಸೆಗಣಿ ಬುಟ್ಟಿ ಹೊತ್ತು ಆ ಕಡೆ ಬಂದವಳು ಬುಟ್ಟಿ ಇಳಿಸಿ ನಮ್ಮ ಪಕ್ಕ ಕುಕ್ಕರಗಾಲಲ್ಲಿ ಕೂತಳು, ಒಂದೊಂದೇ ಗಂಟು ಬಿಚ್ಚಿದಳು.

"ಇದೇನು ಕಲ್ಸಿದ್ದು ಅಂತ ಕಲ್ಸಿದ್ದೀರಮ್ಮಿ? ಕತ್ರಿ ಕಂಡ್ರೆ ಆಯ್ತು ಇದು. ಎದ್ದು ಮೊಕ ತೊಳ್ಕಳಿ ವೋಗಿ."

ಮನೆ ನಡುವಿನ ತೆರೆದ ತೊಟ್ಟಿಯ ಸುತ್ತ ಜಗಲಿಯ ಮೇಲೆ ಜನ ಕೂತರು. ಊರ ಯಜಮಾನರಾದ ಚಿಕ್ಕೇಗೌಡರು ಕಂಬಕ್ಕೆ ಒರಗಿ ಕೂತಿದ್ದರು. ದೊಡ್ಡಪ್ಪ ಮಡಿಲಲ್ಲಿ ಹಲಗೆಯಿಟ್ಟುಕೊಂಡು, ಅದರ ಮೇಲೆ ಬಿಳಿ ಹಾಳೆಯಿಟ್ಟು ಪೆನ್ಸಿಲ್ ಚೂಪು ಮಾಡಿಕೊಂಡು ಕೂತಿದ್ದ. ಹಾಳೆಯ ನಡುವೆ ಮೊದಲೇ ಒಂದು ಗೆರೆ ಎಳೆದಿದ್ದ, ಆ ಕಡೆ ಒಂದು ಹೆಸರು, ಈ ಕಡೆ ಒಂದು ಹೆಸರು. ಅಜ್ಜಿ ತೊಟ್ಟಿಯ ಅಂಚಿನಲ್ಲಿ ಸೆರಗು ಹೊದ್ದು ಕೂತಳು. ಅಡುಗೆಮನೆಯ ಬಾಗಿಲಲ್ಲಿ ಅವ್ವ, ಅವಳ ಎರಡು ಪಕ್ಕ ನಾವು.

"ಕೆಂಪಮ್ಮಕ್ಕ, ನಡೆದಿದ್ದು ನಡ್ದಂಗೆ ಯೋಳ್ಬುಡು," ಎಂದರು ಯಜಮಾನರು.

"ಯೋಳ್ತೀನಿ ಇರಪ್ಪ. ಅವತ್ತು ನಮ್ಮ ಎಮ್ಮೆ ದಿನ ತುಂಬ್ಕಂಡಿತ್ತು. ನಿಂಗಿ ನೋವು ಅಂದ್ಲಾ, ಅಷ್ಟೊತ್ಗೆ ಎಮ್ಮೇನೂ ಕೂಗ್ಕತು. ಇಲ್ಲ, ಮೊದ್ಲು ನೋವು ಅಂದಿದ್ದು ಗೌರಿ. ಅದು ಸಂತೆ ದಿನ. ಸಂತೆಗೆ ನನ್ ಮಗ ವೋಗಿರ್ನಿಲ್ಲ, ಕಾಲು ಉಳ್ಕಿತ್ತು. ಕಾಲಿಗೆ ಉಪ್ಪು ಕಾಯ್ಸಿ ಕಟ್ಟಾನ ಅಂತ ನಾನು ಒಲೆ ಮುಂದ್ಕೆ ವೋದ್ರೆ, ಅಲ್ಲಿ ಬೆಕ್ಕು..."

"ಬೆಕ್ಕು ಎಮ್ಮೆ ಎಲ್ಲಾ ಬುಡಕ್ಕ. ಮೊದ್ಲು ಉಟ್ಟಿದ್ದು ಯಾವುದು?"

"ಮೊದ್ಲು ಉಟ್ಟಿದ್ದು ಕರ. ಎಣ್ಗರ."

ಕೂತವರೆಲ್ಲ ನಕ್ಕರು. ದೊಡ್ಡಪ್ಪ ನಗಲಿಲ್ಲ. "ಅತ್ತೆ, ನಾನು ಒಂದೊಂದಾಗಿ ಕೇಳ್ತೀನಿ," ಎಂದ. "ಗೌರಿ ಮಗೂಗೆ ಮೈಮೇಲೆ ಏನಾದ್ರೂ ಗುರುತು ಇತ್ತಾ?"

"ಇತ್ತು ಕಣ್ರಪ್ಪ. ಬೆನ್ ಮ್ಯಾಲೆ, ಇಷ್ಟಗಲ."

ಎಲ್ಲರೂ ನಮ್ಮ ಕಡೆ ತಿರುಗಿದರು. ಪಕ್ಕದ ಮನೆಯ ಹೆಂಗಸೊಬ್ಬಳು ಬಂದು ನಮ್ಮನ್ನು ಒಳಗೆ ಕರೆದೊಯ್ದು ರವಿಕೆ ಎತ್ತಿ ನೋಡಿದಳು. ಇಬ್ಬರ ಬೆನ್ನೂ ತೊಳೆದ ತಟ್ಟೆಯ ಹಾಗಿತ್ತು.

"ಆಗ ಇತ್ತು," ಎಂದಳು ಅಜ್ಜಿ ಒಂದಿಷ್ಟೂ ಅಳುಕದೆ. "ನೀರು ಹುಯ್ದ ಮ್ಯಾಲೆ ವೋಯ್ತು. ಅರ್ಶಿಣ ಅಂಟ್ಕಂಡಿದ್ದು ಇರ್ಬೇಕು. ಅದೂ ಗೌರಿ ಮಗೀಗೋ, ನಿಂಗಿ ಮಗೀಗೋ, ಎರಡ್ನೂ ಒಂದೇ ಮೊರದಲ್ಲಿ ಮಲುಗ್ಸಿದ್ದೆ."

ಹೀಗೇ ನಡೆಯಿತು. ಅವನು ಒಂದು ಎಳೆ ಹಿಡಿದು ಎಳೆಯುವುದು, ಅದರ ಜೊತೆ ಮೂರು ಎಳೆ ಬಂದು ಸಿಕ್ಕಾಗುವುದು. ಅಜ್ಜಿ ಒಂದೇ ಒಂದು ಪ್ರಶ್ನೆಗೂ ಹೇಳುವುದಿಲ್ಲ ಎನ್ನಲಿಲ್ಲ. ಕೇಳಿದ್ದಕ್ಕಿಂತ ಹೆಚ್ಚೇ ಹೇಳಿದಳು. ಹೇಳಿದ ಪ್ರತಿಯೊಂದೂ ನಿಜವಾಗಿ ನಡೆದಂತೆಯೇ ಇತ್ತು, ಎಲ್ಲವನ್ನೂ ಸೇರಿಸಿದರೆ ಮಾತ್ರ ಏನೂ ಉಳಿಯುತ್ತಿರಲಿಲ್ಲ. ದೊಡ್ಡಪ್ಪನ ಬಿಳಿ ಹಾಳೆಯ ಮೇಲೆ ಬಾಣದ ಗುರುತುಗಳು, ಹೊಡೆದು ಹಾಕಿದ ಸಾಲುಗಳು, ಅದರ ಮೇಲೆ ಮತ್ತೆ ಬರೆದದ್ದು. ಕೊನೆಗೆ ಅದು ಕೋಳಿ ಕೆದರಿದ ತಿಪ್ಪೆಯಂತಾಯಿತು. ಇಡೀ ತಾಲ್ಲೂಕಿನ ಕಾಗದಪತ್ರ ಜೋಡಿಸಿಟ್ಟ ಮನುಷ್ಯ ಸೆಗಣಿ ಬಾಚುವ ಮುದುಕಿಯ ಮುಂದೆ ಪೆನ್ಸಿಲ್ ಕೆಳಗಿಟ್ಟ. ಅವಳು ಮರೆವಿನವಳು, ಮಾತು ಬಾರದವಳು ಎಂದು ಊರೆಲ್ಲ ನಗುತ್ತಿತ್ತು, ನಾನೂ ನಗುತ್ತಿದ್ದೆ. ಇದೊಂದು ವಿದ್ಯೆ ಎಂದು ಆ ದಿನ ಹೊಳೆಯಿತು.

ದೊಡ್ಡಪ್ಪ ಅಜ್ಜಿಯ ಕಡೆ ತಿರುಗಿದ. "ಬೇಕು ಅಂತ್ಲೇ ಕಲಸ್ತಾ ಇದೀರ ಅತ್ತೆ. ನನ್ ಮಗಳು ಯಾರು ಅಂತ ತಿಳ್ಕಳೋ ಹಕ್ಕು ನನಗಿಲ್ವಾ?"

ಅವನ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಒಂಬತ್ತು ವರ್ಷ ಇಬ್ಬರಿಗೂ ಒಂದೇ ಬಣ್ಣದ ರಿಬ್ಬನ್ನು ತಂದವನು, ಒಂದೇ ಒಂದು ಸಲ ತನ್ನದೆಂಬ ಮಗುವನ್ನು ತನ್ನದೆಂದು ಕರೆಯಬೇಕೆಂದ. ಅಳಿಯನನ್ನು ಯಾವತ್ತೂ ನೀವು ಎಂದೇ ಮಾತಾಡಿಸುತ್ತಿದ್ದ ಅಜ್ಜಿ ಆಗ ಸೆರಗು ಸರಿಸಿ ಮುಖ ಎತ್ತಿದಳು.

"ಹಕ್ಕು ಅದೆ ಕಣಪ್ಪ. ಅವ್ಳ ಮಣ್ಣು ಮಾಡ್ಬಂದು ಕ್ವಾಣೆ ಬಾಗ್ಲಲ್ಲಿ ನಿಂತ್ಕಂಡೆ ನೀನು. ಬಾ, ನಿನ್ ಮಗೀನ ಮೊಕ ನೋಡು ಅಂತ ಎತ್ಕಂಡ್ ಬಂದೆ ನಾನು. ನೀನು ನೋಡ್ನಿಲ್ಲ. ತಿರುಗ್ದೋನು ಅಂಗೇ ವೋಗಿ ಬಸ್ ಅತ್ಬುಟ್ಟೆ. ಅವತ್ತು ನಂಗೆ ಗೊತ್ತಿತ್ತು."

"ಈಗ?" ಎಂದರು ಯಜಮಾನರು.

"ಈಗ ಗೊತ್ತಿಲ್ಲ."

ಕರ್ಪೂರ ತರಿಸಿದರು. ನಮ್ಮ ಕಡೆ ಅದು ಕೊನೆಯ ಮಾತು. ಉರಿಯುವ ಕರ್ಪೂರವನ್ನು ಅಂಗೈಯಿಂದ ಹೊಡೆದು ಆರಿಸಿ ಆಣೆಯಿಟ್ಟ ಮೇಲೆ ಮತ್ತೆ ಯಾರೂ ಆ ವಿಷಯ ಎತ್ತುವಂತಿಲ್ಲ. ಸುಳ್ಳು ಆಣೆಯಿಟ್ಟವರ ಕಣ್ಣು ಹೋಗುತ್ತದೆ ಎಂದು ಎಲ್ಲರೂ ನಂಬಿದ್ದರು. ಅಜ್ಜಿ ಒಂದು ಕ್ಷಣವೂ ತಡಮಾಡಲಿಲ್ಲ. "ಯಾವ್ದು ಯಾರ್ದು ಅಂತ ನಂಗೆ ಗೊತ್ತಿಲ್ಲ" ಎಂದು ಅಂಗೈ ಬಡಿದಳು. ಹೊಗೆ ಎದ್ದಿತು. ದೊಡ್ಡಪ್ಪ ಹಾಳೆಯನ್ನು ನಾಲ್ಕಾಗಿ ಮಡಿಸಿ ಜೇಬಿಗಿಟ್ಟುಕೊಂಡು, ಎದ್ದು ಬಂದು, ನಮ್ಮಿಬ್ಬರ ತಲೆಯ ಮೇಲೂ ಒಂದೊಂದು ಕೈಯಿಟ್ಟ. ಅವನು ಹೀಗೆ ಮುಟ್ಟಿದ್ದು ಅದೇ ಮೊದಲು.

ಯಾರೂ ಎಲ್ಲಿಗೂ ಹೋಗಲಿಲ್ಲ. ಅವನ ಮದುವೆಯಾಯಿತು, ಹೊಸ ಚಿಕ್ಕವ್ವ ಒಳ್ಳೆಯವಳಾಗಿದ್ದಳು, ರಜೆ ಬಂದರೆ ಇಬ್ಬರೂ ಒಟ್ಟಿಗೆ ಪಾಲಹಳ್ಳಿಗೆ ಹೋಗಿ ನಾಲೆಯಲ್ಲಿ ಆಡಿ ಬರುತ್ತಿದ್ದೆವು. ಆದರೆ ನನಗೆ ಒಂದು ಭಯ ಹತ್ತಿಕೊಂಡಿತು. ಅಜ್ಜಿ ಸುಳ್ಳು ಆಣೆಯಿಟ್ಟಿದ್ದಾಳೆ, ಅದೂ ನಮಗೋಸ್ಕರ, ಇವತ್ತಲ್ಲ ನಾಳೆ ಅವಳ ಕಣ್ಣು ಹೋಗುತ್ತದೆ. ದಿನಾ ಶಾಲೆಯಿಂದ ಬಂದವಳೇ ಸೂಜಿ ದಾರ ತಂದು ಪೋಣಿಸಿಕೊಡು ಎನ್ನುತ್ತಿದ್ದೆ. ಅವಳು ಬೆಳಕಿಗೆ ಹಿಡಿದು ಒಂದೇ ಸಲಕ್ಕೆ ಪೋಣಿಸಿ, "ನಿಂಗೆ ಇಷ್ಟೊಂದು ಹೊಲ್ಯಾಕೆ ಏನದೆ?" ಎನ್ನುತ್ತಿದ್ದಳು. ತಿಂಗಳುಗಳು ಕಳೆದವು, ಕಣ್ಣಿಗೆ ಏನೂ ಆಗಲಿಲ್ಲ. ದೇವರಿಗೂ ಅವಳ ಮಾತನ್ನು ಬಿಡಿಸಲು ಆಗಿಲ್ಲ ಎಂದು ನಿರ್ಧರಿಸಿದೆ. ಆ ವಯಸ್ಸಿನಲ್ಲಿ ದೇವರಿಗಿಂತ ದೊಡ್ಡವರಿದ್ದಾರೆ ಎಂದು ನನಗೆ ಅನ್ನಿಸಿದ್ದು ಅವಳೊಬ್ಬಳನ್ನು ನೋಡಿಯೇ.

ಈಚೆಗೆ ರತ್ನಳ ಮೊಮ್ಮಗ ಮೈಸೂರಿನಿಂದ ಬಂದವನು, ನೀವಿಬ್ಬರೂ, ಜೊತೆಗೆ ಪಾಲಹಳ್ಳಿ ಚಿಕ್ಕವ್ವನ ಮಕ್ಕಳೂ ಒಂದೊಂದು ಕೊಳವೆಗೆ ಉಗುಳಿ ಕೊಟ್ಟರೆ ಸಾಕು, ಡಿ.ಎನ್.ಎ. ಪರೀಕ್ಷೆಯಲ್ಲಿ ಎಲ್ಲ ಗೊತ್ತಾಗುತ್ತದೆ ಎಂದ. ರತ್ನ ಅವನಿಗೆ ಇನ್ನೆರಡು ಚಕ್ಕುಲಿ ಹಾಕಿ ಸುಮ್ಮನಾಗಿಸಿದಳು. ನಾವು ಉಗುಳದೆ ಇರುವುದಕ್ಕೆ ಕಾರಣ ಅವನಿಗೆ ಹೇಳಲಿಲ್ಲ. ಇಲ್ಲಿ ಹೇಳುತ್ತೇನೆ.

ನನ್ನ ಚೊಚ್ಚಲ ಬಾಣಂತನ ಆ ತೊಟ್ಟಿಮನೆಯಲ್ಲೇ ಆಯಿತು. ಅಜ್ಜಿಗೆ ಆಗ ಸೊಂಟ ಬಗ್ಗಿತ್ತು, ಆದರೂ ಬಾಣಂತಿಗೆ ನೀರು ಹುಯ್ಯುವುದನ್ನು ಯಾರಿಗೂ ಬಿಡುತ್ತಿರಲಿಲ್ಲ. ಕೆ.ಆರ್.ಪೇಟೆಗೆ ಮದುವೆಯಾಗಿ ಹೋಗಿದ್ದ ರತ್ನ ಕೂಡ ನನಗೆ ಆಸರೆಗೆಂದು ಬಂದಿದ್ದಳು. ಒಂದು ಬೆಳಿಗ್ಗೆ ಬಚ್ಚಲಲ್ಲಿ ಅಜ್ಜಿ ನನ್ನ ನೆತ್ತಿಗೆ ಹರಳೆಣ್ಣೆ ತಟ್ಟುತ್ತಿದ್ದಾಗ, ಕೂಸಿಗೆ ಹಾಲು ಸಾಲುತ್ತಿಲ್ಲ ಎಂದು ಅತ್ತುಬಿಟ್ಟೆ. ಅವಳ ಕೈ ನಿಂತಿತು. ನಾನು ಕೇಳದೆಯೇ ಶುರು ಮಾಡಿದಳು. ನನ್ನ ತಿಳಿವಿನಲ್ಲಿ ಅಜ್ಜಿ ಒಂದು ಸಂಗತಿಯನ್ನು ಎಲ್ಲೂ ಕಲಸದೆ, ಒಂದಾದ ಮೇಲೊಂದರಂತೆ ಹೇಳಿದ್ದು ಅದೊಂದೇ ಸಲ.

"ಗೌರಿ ವೋದ್ಮ್ಯಾಲೆ ನಿಮ್ಮವ್ವಂಗೆ ಜ್ವರ. ಕಣ್ ಬುಡ್ತಿರ್ನಿಲ್ಲ. ನಾನೇ ಮಕ್ಳ ಎದೆಗೆ ಇಡಿಸ್ತಿದ್ದೆ. ಜ್ವರ ಬುಟ್ಟಾಗ ಮೊದ್ಲು ಕೇಳಿದ್ದೇ, ನಂದ್ಯಾವುದವ್ವ ಅಂತ. ಅವ್ಳಿಗೆ ಇದ್ದ ಆಲು ಒಂದು ಮಗೀಗೇ ಸಾಲ್ದು. ತೋರುಸ್ಬುಟ್ರೆ, ಅವ್ಳು ಎಷ್ಟೇ ಒಳ್ಳೇಳಾಗ್ಲಿ, ಆಲು ಮೊದ್ಲು ಅತ್ಲಾಗೇ ವೋಯ್ತದೆ. ಇನ್ನೊಂದು ಕೂಸು ಉಳಿಯಾಕಿಲ್ಲ. ಗೊತ್ತಿಲ್ಲ ಕಣವ್ವ, ಗಾಬ್ರೀಲಿ ಕಲ್ಸೋಯ್ತು ಅಂದ್ಬುಟ್ಟೆ."

"ಸುಳ್ಳು ಹೇಳ್ದೆ."

"ಅವತ್ತು ಸುಳ್ಳು. ಸುಳ್ಳ ಎಷ್ಟ್ ದಿನ ಕಾಯಾಕಾದದು ಅಮ್ಮಿ? ಒಂದಲ್ಲ ಒಂದಿನ ಬಾಯಿ ತಪ್ತದೆ. ಅದ್ಕೇ ನಾನೂ ಮರೀಬೇಕು ಅಂತ ಮಾಡ್ಕಂಡೆ. ಕಣ್ ಮುಚ್ಕಂಡು ಮಕ್ಳ ಅದ್ಲು ಬದ್ಲು ಮಲುಗುಸ್ತಿದ್ದೆ. ಎಷ್ಟು ಸಲಿ ಅಂತ ಎಣುಸ್ತಿರ್ನಿಲ್ಲ. ಬೆಳಿಗ್ಗೆ ಎದ್ದು, ಇದೇ ಗೌರಿದು ಅನ್ನುಸ್ತಾ, ಇಲ್ಲ ಅದು ಅಂತ ನಂಗೆ ನಾನೇ ಯೋಳ್ಕತಿದ್ದೆ. ಮೂರ್ ತಿಂಗ್ಳು ಇಂಗೇ. ಒಂದಿನ ಎದ್ದು ನೋಡ್ದೆ, ಗೊತ್ತಾಗ್ನಿಲ್ಲ."

ಹಂಡೆಯ ನೀರು ಕುದಿಯುತ್ತಿತ್ತು. ಊರ ಮುಂದೆ ದೊಡ್ಡಪ್ಪನನ್ನು ಸೋಲಿಸಿದ್ದು ಅವಳಿಗೆ ಏನೇನೂ ಅಲ್ಲ, ಅವಳು ಅದಕ್ಕೆ ಮೊದಲೇ ತನ್ನನ್ನು ತಾನು ಕಲಸಿಕೊಂಡಿದ್ದಳು. ಕರ್ಪೂರದ ಮೇಲೆ ಇಟ್ಟದ್ದು ನಿಜವಾದ ಆಣೆ. ಆಮೇಲೆ ನಿಧಾನವಾಗಿ ಇನ್ನೊಂದು ತಿಳಿಯಿತು. ಮಗಳು ಸತ್ತಿದ್ದಳು. ಆ ಮಗಳದ್ದೆಂದು ಈ ಭೂಮಿಯ ಮೇಲೆ ಉಳಿದದ್ದು ಒಂದೇ ಒಂದು ಕೂಸು. ಅದು ಯಾವುದೆಂಬುದನ್ನು ಇವಳು ಕೈಯಾರೆ ಕಳೆದುಕೊಂಡಿದ್ದಳು.

"ದೊಡ್ಡವ್ವನ ಮಗು ಯಾವುದು ಅಂತ ನಿಂಗೆ ಬೇಕಾಗಿರ್ಲಿಲ್ವಾ ಅಜ್ಜಿ?"

"ಬೇಕಾಗಿತ್ತು," ಎಂದಳು. ಎಣ್ಣೆಯ ಬಟ್ಟಲನ್ನು ಪಕ್ಕಕ್ಕೆ ಸರಿಸಿ, "ಮೊಕದಲ್ಲಿ ಅವ್ಳು ಬಂದ್ಬುಟ್ರೆ ಅಂತ ದಿಗಿಲು. ಅದ್ಕೇ ನಿಮ್ಮಿಬ್ರ ಮೊಕಾನೂ ನಾನು ನೆಟ್ಟುಗೆ ನೋಡ್ನೇ ಇಲ್ಲ ಕಣಮ್ಮಿ," ಎಂದಳು.

ಆಗ ನೆನಪಾಯಿತು. ತಲೆ ಬಾಚುವಾಗ ಬೆನ್ನ ಹಿಂದೆ, ತುತ್ತು ಕೊಡುವಾಗ ಒಲೆಯ ಕಡೆ, ಕಥೆ ಹೇಳುವಾಗ ಸೂರಿನ ಕಡೆ. ಇಪ್ಪತ್ತಕ್ಕೂ ಹೆಚ್ಚು ವರ್ಷ ಅವಳು ನನ್ನ ಮುಖ ನೋಡಿ ಮಾತಾಡಿರಲಿಲ್ಲ, ನಾನು ಅದನ್ನು ಗಮನಿಸಿಯೂ ಇರಲಿಲ್ಲ. ಎಣ್ಣೆ ಸುರಿಯುತ್ತಿದ್ದ ಮುಖವನ್ನು ಒರೆಸಿಕೊಂಡು ಅವಳ ಕಡೆ ತಿರುಗಿ ಕೂತೆ.

"ಈಗ ನೋಡಜ್ಜಿ. ಇನ್ನು ಯಾರೂ ಯಾರನ್ನೂ ಕರ್ಕಂಡೋಗಲ್ಲ."

ಅವಳು ಎರಡು ಕೈಯಲ್ಲೂ ನನ್ನ ಗದ್ದ ಹಿಡಿದು ಬೆಳಕಿಂಡಿಯ ಕಡೆ ತಿರುಗಿಸಿದಳು. ನೋಡುವ ಮೊದಲೇ ಕಣ್ಣು ಮುಚ್ಚಿಕೊಂಡಳು.

"ರತ್ನೀನೂ ಕರಿ."

ರತ್ನ ರಾಗಿ ಹಿಟ್ಟಿನ ಕೈಯಲ್ಲೇ ಓಡಿಬಂದಳು, ಯಾ‌ಕೆ ಏನು ಎಂದು ಕೇಳದೆ ಬಚ್ಚಲ ಕಲ್ಲಿನ ಮೇಲೆ ನನ್ನ ಪಕ್ಕ ಕೂತಳು. ಅಜ್ಜಿ ಕಣ್ಣು ತೆರೆದು ಅವಳನ್ನು ನೋಡಿದಳು, ನನ್ನನ್ನು ನೋಡಿದಳು, ಮತ್ತೆ ಅವಳನ್ನು, ಮತ್ತೆ ನನ್ನನ್ನು. ಯಾರ ಮುಖದಲ್ಲಿ ದೊಡ್ಡವ್ವ ಕಂಡಳೆಂದು ನಾವು ಕೇಳಲಿಲ್ಲ. ಬಾಣಂತಿಯನ್ನು ಇಷ್ಟು ಹೊತ್ತು ಹಸಿ ಮೈಯಲ್ಲಿ ಕೂರಿಸಿದ್ದೀಯಲ್ಲ ಎಂದು ಬಯ್ಯುತ್ತ ಅವ್ವ ಬಚ್ಚಲ ಬಾಗಿಲಿಗೆ ಬಂದಳು. ನಮ್ಮ ಮೂವರನ್ನೂ ನೋಡಿ ಮಾತು ಅಲ್ಲಿಗೇ ನಿಲ್ಲಿಸಿದಳು. ಆಮೇಲೆ ಬಗ್ಗಿ, ಹಂಡೆಯ ಕೆಳಗೆ ಇನ್ನೆರಡು ಸೌದೆ ತುರುಕಿ, ಬಾಗಿಲು ಮುಂದಕ್ಕೆ ಎಳೆದುಕೊಂಡು ಹೋದಳು.